ಮೊಣಕಾಲ ನೋವಿಗೆ ಸಮತಟ್ಟಾದ ಹಾದಿ

ಮೊಣಕಾಲ ನೋವೆಂದು ಸದ್ಭಕ್ತರು ನಡಿಗೆಯನ್ನೇ ತೊರೆಯುವುದನ್ನು ನಾವು ಕಾಣುತ್ತೇವೆ. ತೊರೆಯಬೇಕಾದುದು ಕಡಿದಾದ ಏರಿಳಿತವನ್ನು, ನಡಿಗೆಯನ್ನಲ್ಲ. ರೈಲುಮಾರ್ಗದ ಏರು ಬಹು ಮೆಲ್ಲನೆಯದು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿಯೂ 50 ಅಡಿಗೆ 1 ಅಡಿ ಮಾತ್ರ. ಆದ್ದರಿಂದಲೇ ಸ್ಪೇನ್ ಮೊದಲಾದ ದೇಶಗಳಲ್ಲಿ ಹಳಿ ಕಿತ್ತ ಹಳೆಯ ಮಾರ್ಗಗಳು ವೃದ್ಧರಿಗೂ ಸುಗಮವಾದ ಕಾಲುದಾರಿಗಳಾಗಿವೆ. ರೈಲು ಓಡುವ ಹಳಿಯ ಮೇಲೆ ನಡೆಯುವುದಾದರೋ ಪ್ರಾಣಾಪಾಯ, ಅಪರಾಧವೂ ಹೌದು. ಪಟ್ಟಂದೂರು ಅಗ್ರಹಾರದಂತಹ ಕೆರೆಯುಳ್ಳ ಊರಿನವರಿಗೆ ಕೆರೆಯ ಏರಿಯೇ ಅಂತಹ ಸಮತಟ್ಟಾದ ಹಾದಿ.

ವಾಗ್ಭಟಾಚಾರ್ಯರು ಬಲಶಾಲಿಗಳಿಗೂ ಅರ್ಧಶಕ್ತಿಯಷ್ಟೇ ವ್ಯಾಯಾಮವನ್ನು ವಿಧಿಸಿದ್ದಾರೆ. ವೃದ್ಧರಿಗೆ ಅದಕ್ಕಿಂತಲೂ ಕಡಿಮೆ ಸಾಕು. ಹಣೆಯಲ್ಲಿ ಬೆವರು ಮೂಡಿ ಬಾಯಿ ಒಣಗುವುದೇ ಅರ್ಧಶಕ್ತಿಯ ಗುರುತು. ಮರಳುವ ದಾರಿಯೂ ಲೆಕ್ಕಕ್ಕಿರುವುದರಿಂದ ಅದಕ್ಕೆ ಮೊದಲೇ ಹಿಂದಿರುಗಬೇಕು. ಸ್ನಾನ, ಇಷ್ಟಲಿಂಗಪೂಜೆಗೆ ಮುನ್ನಿನ ಪ್ರಾತಃಕಾಲವೇ ಪ್ರಶಸ್ತ. ಕೀಲು ಊದಿಕೊಂಡಿದ್ದರೆ, ನಡೆವಾಗ ಎದೆ ಬಿಗಿದರೆ, ನಡಿಗೆಯನ್ನು ನಿಲ್ಲಿಸಿ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.