ಹಬ್ಬದ ದಿನಾಂಕ ಏಕೆ ಬದಲಾಗುತ್ತದೆ?

ಕಾಲೇಜುಗಳಲ್ಲಿ ಏಷ್ಯಾದ ಸಂಸ್ಕೃತಿಯನ್ನು ಪರಿಚಯಿಸುವ ಚಟುವಟಿಕೆ ಎಂದರೆ ಸಾಮಾನ್ಯವಾಗಿ ಉಡುಗೆ, ನೃತ್ಯ, ತಿಂಡಿಗಳ ಪ್ರದರ್ಶನ. ಬೈಲಕುಪ್ಪೆಯಿಂದ ಬರುವ ಟಿಬೆಟನ್ ಸಹಪಾಠಿಗಳು ಅಲ್ಲಿ ವೇದಿಕೆಯ ಅತಿಥಿಗಳಾಗಿಯೇ ಉಳಿಯುತ್ತಾರೆ. ಆದ್ದರಿಂದ ನಾನು ಹೊಸವರ್ಷದ ಹಬ್ಬಗಳನ್ನೇ ಗುಂಪು ಚಟುವಟಿಕೆಗೆ ಆರಿಸಿಕೊಂಡೆ.

ಪ್ರತಿ ಗುಂಪಿಗೂ ಐದು ವರ್ಷಗಳ ಕ್ಯಾಲೆಂಡರ್ ಕೊಟ್ಟು ಯುಗಾದಿ, ಟಿಬೆಟನ್ನರ ಲೋಸರ್, ಚೀನೀ ಹೊಸವರ್ಷಗಳ ದಿನಾಂಕ ಪಟ್ಟಿ ಮಾಡಿಸಿದೆ. ಹೋಲಿಕೆಗಾಗಿ ರಂಜಾನ್ ಹಬ್ಬವನ್ನೂ ಸೇರಿಸಿದೆ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಸೌರವರ್ಷಕ್ಕೆ ಸುಮಾರು 365. ಈ 11 ದಿನಗಳ ಕೊರತೆಯನ್ನು ಇಸ್ಲಾಮಿ ಪಂಚಾಂಗ ತುಂಬುವುದಿಲ್ಲ. ರಂಜಾನ್ ಪ್ರತಿವರ್ಷ ಅಷ್ಟು ಮೊದಲೇ ಬಂದು ಎಲ್ಲ ಋತುಗಳನ್ನೂ ಸುತ್ತುತ್ತದೆ. ಉಳಿದ ಮೂರು ಪಂಚಾಂಗಗಳು 19 ವರ್ಷಗಳಿಗೆ ಸುಮಾರು ಏಳು ಅಧಿಕಮಾಸ ಸೇರಿಸುತ್ತವೆ. ಆದ್ದರಿಂದ ಆ ಹಬ್ಬಗಳು ಋತು ತಪ್ಪುವುದಿಲ್ಲ. ಜಪಾನ್ 1873ರಲ್ಲಿ ಗ್ರೆಗೋರಿಯನ್ ಕ್ಯಾಲೆಂಡರ್ ಅಳವಡಿಸಿಕೊಂಡು ಹೊಸವರ್ಷವನ್ನು ಜನವರಿ 1ಕ್ಕೆ ತಂದಿತು.

ಇದಕ್ಕೆ ಒಂದು ಬೋಧನಾ ಅವಧಿ ಸಾಕು. ಚಂದ್ರ ಒಬ್ಬನೇ, ಎಣಿಕೆ ಹಲವು ಎಂಬುದು ವಿದ್ಯಾರ್ಥಿಗಳ ಲೆಕ್ಕದಿಂದಲೇ ಹೊರಬರುತ್ತದೆ. “ನಿಮ್ಮಲ್ಲಿ ಅಧಿಕಮಾಸ ಯಾವಾಗ?” ಎಂದು ಕೇಳಿದಾಗ ಟಿಬೆಟನ್ ವಿದ್ಯಾರ್ಥಿ ಉತ್ತರ ಹೇಳುವ ಶಿಕ್ಷಕನಾಗುತ್ತಾನೆ. ಮೌಲ್ಯಮಾಪನಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.