ಮೂರು ಪರೀಕ್ಷೆ, ಒಂದೇ ಬೇಸಿಗೆ

ದ್ವಿತೀಯ ಪಿಯುಸಿ ಪರೀಕ್ಷೆಯ ಕಾಲ ಸಮೀಪಿಸಿದಂತೆ ವಿಜ್ಞಾನ ಓದುವ ಮಕ್ಕಳಿರುವ ಮನೆಗಳಲ್ಲಿ ಒಂದೇ ಪ್ರಶ್ನೆ: ಸಿಇಟಿಗೆ ಓದಬೇಕೋ, ನೀಟ್‌ಗೋ, ಜೆಇಇಗೋ? ನಗರದ ತರಬೇತಿ ಕೇಂದ್ರಗಳು ಹಣ ಪಡೆದು ಇದಕ್ಕೆ ಉತ್ತರ ಹೇಳುತ್ತವೆ. ತಗಡೂರಿನಿಂದ ಬಸ್ಸು ಹಿಡಿದು ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿಯಾದರೋ ತಾನೇ ಓದಿಕೊಳ್ಳಬೇಕು. ಉಳಿದಿರುವ ದಿನಗಳೇ ಅವನ ಬಂಡವಾಳ. ಅದನ್ನು ಎಲ್ಲೆಲ್ಲೋ ಚೆಲ್ಲಿದರೆ ಒಂದು ವರ್ಷವೂ, ಎಷ್ಟೋ ವೇಳೆ ಹೆತ್ತವರ ಸಾಲವೂ ಅದರ ಬೆಲೆಯಾಗುತ್ತದೆ.

ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣಕ್ಕೆ ಮೂರು ಕ್ರಿಯೆಗಳನ್ನು ಹೇಳುತ್ತಾರೆ: ಆಲೋಚಿಸುವುದು, ನಿರ್ಣಯಿಸುವುದು, ನಿರ್ಣಯಿಸಿದ್ದನ್ನು ಕಾರ್ಯಗತಗೊಳಿಸುವುದು. ಇವುಗಳಲ್ಲಿ ಕೊನೆಯದೇ ಪ್ರಧಾನವೆಂಬುದು ಅವರ ಮತ.

ಮೊದಲು ಆಲೋಚನೆ. 2025ರಲ್ಲಿ ಪಿಯುಸಿ ಮೊದಲ ಪರೀಕ್ಷೆ ಮಾರ್ಚ್ 20ಕ್ಕೆ ಮುಗಿಯಿತು. ಏಪ್ರಿಲ್ ಮೊದಲ ವಾರದಲ್ಲೇ ಜೆಇಇ ಮೇನ್‌ನ ಎರಡನೆಯ ಸರದಿ, 16 ಮತ್ತು 17ರಂದು ಸಿಇಟಿ, ಮೇ 4ರಂದು ನೀಟ್. ಎಂದರೆ ಸಿಇಟಿಗೆ ನಾಲ್ಕು ವಾರವೂ ಇಲ್ಲ. ನೀಟ್‌ಗೆ ಆರು ವಾರ. ಮೂರನ್ನೂ ಸಮನಾಗಿ ಓದುವೆನೆಂಬುದು ಆಸೆಯೇ ಹೊರತು ಯೋಜನೆಯಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಪ್ರಭು ನುಡಿದುದನ್ನು ಇಲ್ಲಿ ನೆನೆಯೋಣ.

ಅನಂತರ ನಿರ್ಣಯ. ವೈದ್ಯಕೀಯ ಬಯಸುವವರಿಗೆ ನೀಟ್ ಹೊರತು ಬೇರೆ ದಾರಿಯಿಲ್ಲ. ಅದರ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು. ಆದುದರಿಂದ ಸಮಯದ ಅರ್ಧಪಾಲು ಅದಕ್ಕೇ ಸಲ್ಲಬೇಕು. ಎಂಜಿನಿಯರಿಂಗ್ ಬಯಸುವವರು ನೆನಪಿಡಲಿ: ಸಿಇಟಿ ಶ್ರೇಯಾಂಕದಲ್ಲಿ ಅರ್ಧ ಪಿಯುಸಿ ಅಂಕಗಳದು. ಅವರ ಪಿಯುಸಿ ಓದು ಸಿಇಟಿ ಓದೂ ಹೌದು. ಕೃಷಿ ವಿಜ್ಞಾನಕ್ಕೂ ಸಿಇಟಿಯೇ ಬಾಗಿಲು. ಪ್ರಥಮ ಪಿಯುಸಿಯಿಂದಲೇ ತೊಡಗದವರು ಕೊನೆಯ ತಿಂಗಳಲ್ಲಿ ಜೆಇಇಯನ್ನು ತಲೆಯ ಮೇಲೆ ಹೊತ್ತುಕೊಳ್ಳದಿರುವುದು ಲೇಸು.

ತಗಡೂರು ರಾಮಚಂದ್ರರಾಯರ ಖಾದಿ ಕಾಯಕವನ್ನು ಕಂಡ ಊರು ಇದು. ನೇಯುವವರು ಹಾಸನ್ನು ಬಿಗಿದ ಮೇಲೆಯೇ ಹೊಕ್ಕನ್ನು ಹಾಯಿಸುತ್ತಾರೆ. ಪಿಯುಸಿ ಪಠ್ಯಪುಸ್ತಕ ಹಾಸು. ಆಯ್ದ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳು ಹೊಕ್ಕು. ಹಾಸು ಸಡಿಲವಿದ್ದರೆ ಎಷ್ಟು ಪ್ರಶ್ನೆಪತ್ರಿಕೆ ಬಿಡಿಸಿದರೂ ಬಟ್ಟೆಯಾಗದು.

ಕೊನೆಯದು ಕಾರ್ಯ. ಆಯ್ದ ಮೇಲೆ ವಾರಕ್ಕೊಮ್ಮೆ ಆಯ್ಕೆಯನ್ನು ಬದಲಿಸಬೇಡಿ. ಹಳೆಯ ಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸಿರಿ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವ ಪ್ರಶ್ನೆಯನ್ನೂ ಬಿಡಬೇಡಿ. ನೀಟ್‌ನಲ್ಲಿ ಪ್ರತಿ ತಪ್ಪಿಗೂ ಒಂದು ಅಂಕ ಕಳೆಯುತ್ತದೆ. ಏನೂ ತಿಳಿಯದ್ದನ್ನು ಬಿಡುವುದೂ ಜಾಣತನವೇ.

ಹೆತ್ತವರಲ್ಲಿ ನಮ್ಮದೊಂದು ವಿನಂತಿ. ನೆರೆಮನೆಯ ಮಗು ಯಾವ ಪರೀಕ್ಷೆ ಬರೆಯುತ್ತಿದೆಯೆಂದು ನೋಡಿ ನಿಮ್ಮ ಮಗುವಿನ ಗುರಿಯನ್ನು ಬದಲಿಸದಿರಿ. 2024ರಿಂದ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿದ್ದು, ಉತ್ತಮ ಅಂಕವನ್ನು ಉಳಿಸಿಕೊಳ್ಳಬಹುದು. ಸರ್ಕಾರವೇ ಮರುಅವಕಾಶ ಕೊಡುವಾಗ ಮನೆಯವರು ಬಾಗಿಲು ಮುಚ್ಚುವುದು ತರವೇ? ಶ್ರೇಯಾಂಕವು ಕಾಲೇಜಿನ ಸೀಟನ್ನು ನಿರ್ಧರಿಸೀತು. ದೇವರ ಸ್ವರೂಪದಲ್ಲಿ ಸೃಷ್ಟಿಯಾದ ಮಗುವಿನ ಬೆಲೆಯನ್ನಲ್ಲ.