ಕಿಸೆಯ ಚಾಕು ತಗೊಳ್ಳುವಾಗ ದಪ್ಪ ಅಲ್ಲ, ಲಾಕ್ ನೋಡ್ರಿ

ಹೊನವಾಡ, ಬಾಬಾನಗರ, ಕನಮಡಿ ಕಡೆ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವ ಹುಡುಗರ ಕಿಸೆಯಲ್ಲಿ ಮೊಬೈಲ್ ಜತೆ ಈಗ ಇನ್ನೊಂದು ವಸ್ತು ಇರುತ್ತದೆ: ಮಡಚುವ ಚಾಕು. ಗೊಬ್ಬರದ ಚೀಲದ ಹೊಲಿಗೆ ಬಿಚ್ಚೋದು, ಡ್ರಿಪ್ ಲ್ಯಾಟರಲ್ ಕತ್ತರಿಸೋದು, ಬಳ್ಳಿ ಕಟ್ಟಿದ ಸುತಳಿ ಕೊಯ್ಯೋದು, ಶೇಡ್ ನೆಟ್ ಹರಿಯೋದು, ದನದ ಕೊರಳಿಗೆ ಹಗ್ಗ ಬಿಗಿದಾಗ ತಟ್ಟನೆ ಕತ್ತರಿಸೋದು. ದಿನಕ್ಕೆ ಹತ್ತು ಸಲ ಬೇಕಾಗುತ್ತದೆ. ಆದರೆ ತಗೊಳ್ಳುವಾಗ ನಾವು ನೋಡೋದು ಮಾತ್ರ ಅದರ ಗತ್ತು. ಆನ್‌ಲೈನಿನಲ್ಲಿ ‘ಹೆವಿ ಡ್ಯೂಟಿ’ ಅಂತ ಹುಡುಕಿದರೆ ಸಾಕು, ಕಪ್ಪು ಬಣ್ಣದ, ಹಲ್ಲು ಹಲ್ಲಿನ, ಕಾರಿನ ಗಾಜು ಒಡೆಯುವ ಮೊನೆ ಇರುವ, ಕಾಲು ಕೆಜಿ ತೂಗುವ ಚಾಕುಗಳು ಸಾಲಾಗಿ ಬಂದು ನಿಲ್ಲುತ್ತವೆ. ನಮ್ಮ ಪಕ್ಕದ ತೋಟದ ಕಾಕಾ ಅಂಥದ್ದೊಂದನ್ನ ಕೈಯಲ್ಲಿ ತೂಗಿ ನೋಡಿ, "ಇದರಾಗ ಸುತಳಿ ಕೊಯ್ತಿಯೋ, ಬಾವಿ ತೋಡ್ತಿಯೋ ತಮ್ಮಾ?" ಅಂದಿದ್ದರು.

ಅವರ ಪ್ರಶ್ನೆ ಸರಿ ಇದೆ. ದಪ್ಪ ಚಾಕು ಗಟ್ಟಿ ಚಾಕು ಆಗಬೇಕಂತಿಲ್ಲ. 4-5 ಮಿ.ಮೀ. ದಪ್ಪದ ಅಲಗು ಲ್ಯಾಟರಲ್ ಪೈಪಿನೊಳಗೆ ಇಳಿಯೋದೇ ಇಲ್ಲ, ಒತ್ತಿ ಒತ್ತಿ ಇಳಿಸಬೇಕು. ಜೋರಾಗಿ ಒತ್ತಿದಾಗಲೇ ಚಾಕು ಜಾರೋದು, ಕೈ ಕೊಯ್ಯೋದು. ಮಡಚುವ ಚಾಕು ಮುರಿಯೋದೂ ಅಲಗಿನ ನಡುವೆ ಅಲ್ಲ. ಅದು ಸೋಲೋದು ಅಲಗು ಹಿಡಿಗೆ ಸೇರುವ ಜಾಗದಲ್ಲಿ, ಅಂದರೆ ತಿರುಗಣಿ ಮೊಳೆ ಮತ್ತು ಲಾಕ್‌ನಲ್ಲಿ. ಕೆಲಸದ ನಡುವೆ ಲಾಕ್ ಬಿಟ್ಟರೆ ಅಲಗು ಮಡಚಿಕೊಂಡು ನೇರವಾಗಿ ನಿಮ್ಮ ಬೆರಳಿನ ಮೇಲೆ ಬರುತ್ತದೆ. ಅದಕ್ಕೇ ಮೊದಲು ಲಾಕ್, ಆಮೇಲೆ ಉಳಿದದ್ದು.

ಲಾಕ್ ಹೇಗೆ ನೋಡೋದು

ಹಳೇ ಕಾಲದ ಜೇಬುಚಾಕುಗಳಲ್ಲಿ ಲಾಕ್ ಇರೋದಿಲ್ಲ. ಬೆನ್ನಿನ ಸ್ಪ್ರಿಂಗ್ ಮಾತ್ರ ಅಲಗನ್ನು ತಡೆದು ನಿಲ್ಲಿಸುತ್ತದೆ. ಹಣ್ಣು ಹೆಚ್ಚೋದಕ್ಕೆ, ದಾರ ಕತ್ತರಿಸೋದಕ್ಕೆ ಅದು ಸಾಕು. ಮೊನೆ ಚುಚ್ಚಿ ಒತ್ತುವ ಕೆಲಸಕ್ಕೆ ಬೇಡ.

ಅಂಗಡಿಯಲ್ಲಿ ಸಿಗುವ ಲಾಕ್‌ಗಳು ಹೆಚ್ಚಾಗಿ ಮೂರು ತರ. ಒಂದನೇದು ಲೈನರ್ ಲಾಕ್. ಹಿಡಿಯೊಳಗಿನ ತೆಳು ಪಟ್ಟಿ ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಒತ್ತಿ ನಿಲ್ಲುತ್ತದೆ. ಚಾಕು ತೆರೆದು ಆ ಪಟ್ಟಿ ಎಲ್ಲಿ ನಿಂತಿದೆ ನೋಡ್ರಿ. ಅಲಗಿನ ಬುಡದ ದಪ್ಪದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಬಂದು ನಿಂತಿದ್ದರೆ ಸರಿ. ತುದಿಯಂಚಿಗೆ ಮಾತ್ರ ತಾಗಿ ನಿಂತಿದ್ದರೆ ಅದು ಜಾರುತ್ತದೆ. ಹೊಸ ಚಾಕುವಿನಲ್ಲೇ ಪೂರ್ತಿ ಆಚೆ ಬದಿಗೆ ಹೋಗಿ ನಿಂತಿದ್ದರೆ ಸವೆಯೋದಕ್ಕೆ ಜಾಗವೇ ಉಳಿದಿಲ್ಲ ಅಂತ ಅರ್ಥ. ಎರಡೂ ಬೇಡ.

ಎರಡನೇದು ಬ್ಯಾಕ್ ಲಾಕ್. ಹಿಡಿಯ ಬೆನ್ನಿನಲ್ಲಿ ಒತ್ತುವ ಪಟ್ಟಿ ಇರುತ್ತದೆ. ಬೆರಳು ಅಲಗಿನ ದಾರಿಗೆ ಬರದ ಹಾಗೆ ಮುಚ್ಚಬಹುದು, ಎಡಗೈಯವರಿಗೂ ಸಲೀಸು. ಆದರೆ ನಮ್ಮ ಎರೆ ಮಣ್ಣಿಗೂ ಇದಕ್ಕೂ ಅಷ್ಟು ಹೊಂದೋದಿಲ್ಲ. ಹಸಿ ಎರೆ ಮಣ್ಣು ಲಾಕ್‌ನ ಕಚ್ಚಿನಲ್ಲಿ ಕೂತು ಒಣಗಿದರೆ ಪಟ್ಟಿ ಪೂರ್ತಿ ಕೆಳಗೆ ಇಳಿಯೋದಿಲ್ಲ. ಲಾಕ್ ಬಿದ್ದ ಸದ್ದು ಬರುತ್ತದೆ, ಹಿಡಿತ ಮಾತ್ರ ಅರ್ಧ. ಅದಕ್ಕೆ ತೆರೆದಾಗೊಮ್ಮೆ ಬೆನ್ನಿನ ಮೇಲೆ ಬೆರಳಾಡಿಸಿರಿ. ಪಟ್ಟಿ ಹಿಡಿಗೆ ಸಮವಾಗಿ ಕೂತಿರಬೇಕು, ಉಬ್ಬಿರಬಾರದು.

ಮೂರನೇದು ಉಂಗುರದ ಲಾಕ್. ಫ್ರಾನ್ಸಿನ ಓಪಿನೆಲ್ ಚಾಕುವಿನದು ಇದೇ. ಜೋಸೆಫ್ ಓಪಿನೆಲ್ ಎಂಬಾತ 1890ರ ಸುಮಾರಿಗೆ ಆಲ್ಪ್ಸ್ ತಪ್ಪಲಿನ ಸವಾಯ್ ಸೀಮೆಯಲ್ಲಿ ಈ ಚಾಕು ಮಾಡೋದಕ್ಕೆ ಶುರು ಮಾಡಿದ. ತಿರುಗಿಸುವ ಉಂಗುರ ಬಂದದ್ದು 1955ರಲ್ಲಿ. ಅಲ್ಲಿನ ರೈತರ ಕಿಸೆಯ ಚಾಕು ಅದು. ಮರದ ಹಿಡಿ, ತೆಳು ಅಲಗು, ತೂಕ ಏನೂ ಇಲ್ಲ. 8ನೇ ನಂಬರಿನ ಅಲಗು ಸುಮಾರು 8.5 ಸೆಂ.ಮೀ. ನೋಡೋದಕ್ಕೆ ‘ಹೆವಿ ಡ್ಯೂಟಿ’ ಅನ್ನಿಸೋದೇ ಇಲ್ಲ, ಆದರೆ ಸುತಳಿ, ಪೈಪು, ಚೀಲಕ್ಕೆ ದಪ್ಪ ಚಾಕುಗಳಿಗಿಂತ ಚೆನ್ನಾಗಿ ನಡೆಯುತ್ತದೆ. ಒಂದೇ ತೊಂದರೆ, ಹಿಡಿ ನೀರು ಕುಡಿದರೆ ಮರ ಉಬ್ಬಿ ಅಲಗು ತೆರೆಯೋದು ಬಿಗಿಯಾಗುತ್ತದೆ. ಉಂಗುರ ತಿರುಗಿಸೋದು ಮರೆತರೆ ಲಾಕ್ ಇದ್ದೂ ಇಲ್ಲದ ಹಾಗೆ.

ಯಾವುದೇ ಇರಲಿ, ತಗೊಳ್ಳುವ ಮೊದಲು ಒಂದು ಪರೀಕ್ಷೆ ಮಾಡ್ರಿ. ಅಲಗು ತೆರೆದು ಲಾಕ್ ಮಾಡಿ. ಬೆರಳುಗಳು ಅಲಗು ಮಡಚುವ ದಾರಿಯಲ್ಲಿ ಇರಬಾರದು, ಹಿಡಿಯನ್ನು ಎರಡು ಪಕ್ಕದಿಂದ ಮಾತ್ರ ಹಿಡೀರಿ. ಅಲಗಿನ ಬೆನ್ನನ್ನು ಮರದ ಮೇಲೆ ಮೆಲ್ಲಗೆ ಎರಡು ಮೂರು ಸಲ ತಟ್ಟಿ. ಲಾಕ್ ಬಿಟ್ಟರೆ ಅಲ್ಲೇ ವಾಪಸ್ ಕೊಡ್ರಿ. ಆಮೇಲೆ ಅಲಗನ್ನು ಎಡಕ್ಕೆ ಬಲಕ್ಕೆ ಅಲುಗಾಡಿಸಿ ನೋಡ್ರಿ. ಸ್ವಲ್ಪ ಅಲುಗಿದರೆ ತಿರುಗಣಿ ಸ್ಕ್ರೂ ಬಿಗಿಮಾಡಿದರೆ ಹೋಗುತ್ತದೆ. ಮೇಲೆ ಕೆಳಗೆ ಅಲುಗಿದರೆ ಲಾಕ್‌ನಲ್ಲೇ ದೋಷ, ಅದು ರಿಪೇರಿ ಆಗೋದಿಲ್ಲ. ಆನ್‌ಲೈನಿನಲ್ಲಿ ತರಿಸಿದರೆ ವಾಪಸ್ ಕೊಡುವ ದಿನ ಮುಗಿಯೋದರೊಳಗೆ ಇಷ್ಟನ್ನೂ ಮನೆಯಲ್ಲೇ ಮಾಡಿಬಿಡ್ರಿ.

ಎಷ್ಟೇ ಒಳ್ಳೇ ಲಾಕ್ ಇದ್ದರೂ ಚಾಕುವನ್ನು ಸಬ್ಬಲ್ ಮಾಡಬಾರದು. ಡಬ್ಬಿ ಮುಚ್ಚಳ ಎಬ್ಬಿಸೋದು, ಗೂಟ ಕೀಳೋದು, ಬೆನ್ನಿಗೆ ಕಲ್ಲಿನಿಂದ ಹೊಡೆದು ಕಟ್ಟಿಗೆ ಸೀಳೋದು ಮಡಚುವ ಚಾಕುವಿನ ಕೆಲಸ ಅಲ್ಲ. ಅದಕ್ಕೆ ಕೊಯ್ತಾ ಇದೆ, ಕೊಡಲಿ ಇದೆ. ಪಿವಿಸಿ ಪೈಪಿಗೆ ಹ್ಯಾಕ್ಸಾ ಬ್ಲೇಡ್ ಇದೆ. ಮೋಟರ್ ಸ್ಟಾರ್ಟರಿನ ವಾಯರ್ ಸುಲಿಯೋದಕ್ಕಂತೂ ಕಬ್ಬಿಣದ ಹಿಡಿಯ ಚಾಕು ಮುಟ್ಟಲೇಬೇಡ್ರಿ, ಮೇನ್ ಆಫ್ ಮಾಡಿದ್ದೇನೆ ಅಂತ ನಂಬಿಕೆ ಇದ್ದರೂ.

ಅಲಗು ಎಷ್ಟಿರಬೇಕು, ಯಾವ ಉಕ್ಕು

ನನ್ನ ಲೆಕ್ಕದಲ್ಲಿ ತೋಟಕ್ಕೆ 7ರಿಂದ 9 ಸೆಂ.ಮೀ. ಉದ್ದ, ಬೆನ್ನಿನಲ್ಲಿ 2ರಿಂದ 3 ಮಿ.ಮೀ. ದಪ್ಪ ಸಾಕು. ಅಂಚು ಸಾದಾ ಇರಲಿ. ಅರ್ಧ ಗರಗಸದ ಹಲ್ಲಿನ ಅಂಚು ನೈಲಾನ್ ಹಗ್ಗಕ್ಕೆ ಚಂದ, ಆದರೆ ಒಮ್ಮೆ ಮೊಂಡಾದರೆ ಮನೆಯ ಸಾಣೆಕಲ್ಲಿನಲ್ಲಿ ಹರಿತ ಮಾಡೋದಕ್ಕೆ ಬರೋದಿಲ್ಲ.

ಉಕ್ಕಿನ ಹೆಸರು ಬರೆಯದೆ ಬರೀ ‘ಸ್ಟೇನ್‌ಲೆಸ್ ಸ್ಟೀಲ್’ ಅಂತ ಇದ್ದರೆ ಮೆತ್ತನೆಯದು ಅಂತಲೇ ತಿಳೀರಿ. 8ಸಿಆರ್13 ಅಥವಾ 12ಸಿ27 ಅಂತ ಇದ್ದರೆ ಒಳ್ಳೇದು. ಎರಡರಲ್ಲೂ ಸುಮಾರು ಶೇ. 13ರಷ್ಟು ಕ್ರೋಮಿಯಂ ಇರೋದರಿಂದ ತುಕ್ಕು ಬೇಗ ಹಿಡಿಯೋದಿಲ್ಲ, ಸಾಣೆಗೂ ಬಗ್ಗುತ್ತವೆ. ಡಿ2 ಉಕ್ಕನ್ನು ಬಹಳ ಜನ ಹೊಗಳುತ್ತಾರೆ. ಹರಿತ ತುಂಬಾ ದಿನ ಇರುತ್ತದೆ ಅನ್ನೋದು ಖರೆ, ಆದರೆ ಮೊಂಡಾದ ಮೇಲೆ ಸಾದಾ ಕಲ್ಲಿನಲ್ಲಿ ಅರ್ಧ ತಾಸು ತಿಕ್ಕಿದರೂ ಏಳೋದಿಲ್ಲ. ವಜ್ರದ ಪುಡಿಯ ಪಟ್ಟಿ ಇಲ್ಲದಿದ್ದರೆ ಅದರ ತಂಟೆಗೆ ಹೋಗಬೇಡ್ರಿ. ನಮ್ಮೂರ ಕಂಬಾರರು ಲಾರಿ ಪಾಟಾದಿಂದ ಬಡಿದ ಅಲಗು ಇವೆಲ್ಲಕ್ಕಿಂತ ಸಲೀಸಾಗಿ ಹರಿತವಾಗುತ್ತದೆ. ಅದರ ಶತ್ರು ತುಕ್ಕು. ನಿಂಬೆ, ದಾಳಿಂಬೆ ಕೊಯ್ದರೆ ಕಪ್ಪಾಗುತ್ತದೆ. ಬೋರ್ಡೊ ದ್ರಾವಣದ ಮೈಲುತುತ್ತ ತಾಗಿದರೆ ತಾಮ್ರದ ಕೆಂಪು ಪದರ ಕೂತು ಕಬ್ಬಿಣ ಕರಗತೊಡಗುತ್ತದೆ. ಕೂಡಲೇ ತೊಳೆದು ಒರೆಸಬೇಕು.

ಸಾಣೆ ಹಿಡಿಯುವ ಕೋನ ಗೊತ್ತಾಗದಿದ್ದರೆ ಒಂದು ಉಪಾಯ. ಕಾಗದದ ಚೌಕ ಮೂಲೆಯನ್ನು ಅರ್ಧಕ್ಕೆ ಮಡಚಿದರೆ 45 ಡಿಗ್ರಿ, ಮತ್ತೊಮ್ಮೆ ಮಡಚಿದರೆ 22 ಚಿಲ್ಲರೆ. ಆ ಮೂಲೆಯನ್ನು ಕಲ್ಲಿನ ಮೇಲೆ ಇಟ್ಟು ಅಲಗಿನ ಬೆನ್ನು ಅಷ್ಟೇ ಎತ್ತರಿಸಿ ತಿಕ್ಕಿರಿ. ಎರಡೂ ಬದಿ ಸಮ.

ಕಸಿಗೆ ಮಾತ್ರ ಈ ಚಾಕು ಬೇಡ. ಡಾಗ್‌ರಿಡ್ಜ್ ಬೇರುಸಸಿಗೆ ಬೆಣೆ ಕಸಿ ಕಟ್ಟುವಾಗ ಕಡ್ಡಿಯ ಮೇಲೆ ಒಂದೇ ಏಟಿಗೆ ನುಣ್ಣಗಿನ ಸಮತಟ್ಟು ಬರಬೇಕು. ಅದಕ್ಕೆ ಒಂದೇ ಬದಿ ಸಾಣೆಯ ಕಸಿಚಾಕು ಬೇರೆ ಇಡ್ರಿ, ಅದರಿಂದ ಸುತಳಿ ಸಹ ಕೊಯ್ಯಬೇಡ್ರಿ.

ಒಂದೇ ಚಾಕು, ಎರಡು ವಿಷ

ಕಿಸೆಯ ಚಾಕುವಿನ ಬಗ್ಗೆ ಯಾರೂ ಹೇಳದ ಮಾತು ಇದು. ಮುಂಜಾನೆ ಔಷಧಿ ಪ್ಯಾಕೆಟ್ ತೆರೆದ ಅಲಗಿನಿಂದಲೇ ಮಧ್ಯಾಹ್ನ ಬುತ್ತಿ ಬಿಚ್ಚಿ ಉಳ್ಳಾಗಡ್ಡಿ ಹೆಚ್ಚುತ್ತೇವೆ. ಅಕ್ಟೋಬರ್ ಚಾಟ್ನಿ ಮುಗಿದ ಮೇಲೆ ಕಣ್ಣು ಒಡೆಯಲಿ ಅಂತ ಹಚ್ಚುವ ಹೈಡ್ರೋಜನ್ ಸಯನಮೈಡ್ ಚರ್ಮಕ್ಕೆ ತಾಗಿದರೇ ಸುಡುವಂಥದ್ದು. ಅದರ ಕ್ಯಾನಿನ ಸೀಲ್ ಕೊಯ್ದ ಚಾಕು ಊಟದ ಹತ್ತಿರ ಬರಲೇಬಾರದು. ನಾನು ಸಾವಯವದವನು, ನನಗೆ ಆ ಕ್ಯಾನ್ ಇಲ್ಲ, ಆದರೆ ಮೈಲುತುತ್ತ ನನ್ನ ತೋಟದಲ್ಲೂ ಇದೆ. ಸಣ್ಣದೊಂದು ಚಾಕು ಬುತ್ತಿ ಚೀಲದಲ್ಲಿ ಬೇರೆ ಇಟ್ಟರೆ ಮುಗೀತು.

ದಾಳಿಂಬೆ ಇದ್ದವರಿಗೆ ಇನ್ನೊಂದು. ದುಂಡಾಣು ಅಂಗಮಾರಿ, ಗಡಿಯಾಚೆ ಮಹಾರಾಷ್ಟ್ರದವರು ತೇಲ್ಯಾ ಅನ್ನುವ ರೋಗ, ಕತ್ತರಿ ಚಾಕುಗಳ ಮೂಲಕವೂ ಗಿಡದಿಂದ ಗಿಡಕ್ಕೆ ಹೋಗುತ್ತದೆ. ರೋಗದ ಟೊಂಗೆ ಕೊಯ್ದ ಅಲಗನ್ನು ಮೊದಲು ಬಟ್ಟೆಯಿಂದ ಒರೆಸಿ, ಅಂಟು ಇದ್ದರೆ ಔಷಧಿ ಒಳಗೆ ಮುಟ್ಟೋದಿಲ್ಲ. ಆಮೇಲೆ ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಮುಂದಿನ ಗಿಡಕ್ಕೆ ಹೋಗಿರಿ. ಅಂಗಡಿಯಲ್ಲಿ ತಂದದ್ದು ಶೇ. 5ರದ್ದಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ಈ ದ್ರಾವಣ ಉಕ್ಕನ್ನು ತಿನ್ನುತ್ತದೆ, ಸಂಜೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ ತಿರುಗಣಿಗೆ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಡ್ರಿ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಬೇಡ. ಅವು ಅಂಟಾಗಿ ಧೂಳು ಹಿಡಿಯುತ್ತವೆ. ಮಡಚುವ ಚಾಕುವಿನ ಸಂದಿಯೊಳಗೆ ರಸ ಉಳಿಯುತ್ತದೆ ಅನ್ನೋ ಕಾರಣಕ್ಕೆ ರೋಗ ಬಂದ ದಾಳಿಂಬೆ ತೋಟಕ್ಕೆ ನಾನು ಮಡಚದ ಚಾಕುವನ್ನೇ ಹೇಳೋದು.

ಕೈ ಕೊಯ್ದರೆ ಅರಿಶಿಣ, ತಂಬಾಕು, ಮಣ್ಣು ಏನೂ ತುಂಬಬೇಡ್ರಿ. ಸ್ವಚ್ಛ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡೀರಿ, ನಡುವೆ ತೆಗೆದು ನೋಡೋದು ಬೇಡ. ರಕ್ತ ನಿಂತರೂ ಬೆರಳು ಮಡಚಲು ಬರದಿದ್ದರೆ, ತುದಿ ಜೋಮು ಹಿಡಿದಿದ್ದರೆ ಒಳಗೆ ನರ ಇಲ್ಲವೇ ಸ್ನಾಯುರಜ್ಜು ಕೊಯ್ದಿರಬಹುದು. ಅವತ್ತೇ ವಿಜಯಪುರಕ್ಕೆ ಹೋಗಬೇಕು. ಮಣ್ಣು ಗೊಬ್ಬರ ತಾಗಿದ ಗಾಯವಾದರೆ, ಧನುರ್ವಾಯು ಚುಚ್ಚುಮದ್ದು ತಗೊಂಡು 5 ವರ್ಷ ಆಗಿದ್ದರೆ ಮತ್ತೊಂದು ಬೇಕು.

ಕಾನೂನಿನ ಮಾತು

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬರೀ ಮನೆಬಳಕೆಗೆ, ಕೃಷಿಗೆ ಅಂತಲೇ ಮಾಡಿದ ಸಾಮಾನು ಆಯುಧದ ಲೆಕ್ಕಕ್ಕೆ ಬರೋದಿಲ್ಲ. ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತು ಬರುತ್ತದೆ, ನಮ್ಮ ಕಿಸೆಯ ಚಾಕು ಅದರ ಅರ್ಧಕ್ಕೂ ಬರೋದಿಲ್ಲ. ಆದರೂ ಗುಂಡಿ ಒತ್ತಿದರೆ ಚಿಮ್ಮುವ ಚಾಕು ತಗೋಬೇಡ್ರಿ. ತೋಟದಲ್ಲಿ ಅದರಿಂದ ಒಂದು ಕೆಲಸವೂ ಹೆಚ್ಚಾಗೋದಿಲ್ಲ. ಪೊಲೀಸರ ಮುಂದೆ ಅದನ್ನು ಕೃಷಿ ಸಾಮಾನು ಅಂತ ಒಪ್ಪಿಸೋದೂ ಕಷ್ಟ. ಚುನಾವಣೆ, ಗಲಾಟೆ ಸಮಯದಲ್ಲಿ ನಿಷೇಧಾಜ್ಞೆ ಇದ್ದರೆ ಯಾವ ಚಾಕುವನ್ನೂ ಊರೊಳಗೆ ಒಯ್ಯಬೇಡ್ರಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಹೊರಟಾಗಲೂ ಕಿಸೆ ಒಮ್ಮೆ ಮುಟ್ಟಿ ನೋಡ್ಕೊಂಡು ಅದನ್ನು ಪಂಪ್‌ಹೌಸಿನಲ್ಲೇ ಇಟ್ಟು ಹೋಗಿರಿ. ವಿಮಾನ ಹತ್ತುವವರು ಕೈಚೀಲದಲ್ಲಿ ಇಟ್ಟರೆ ತಪಾಸಣೆಯಲ್ಲೇ ಹೋಗುತ್ತದೆ, ಒಳಗೆ ಹಾಕುವ ದೊಡ್ಡ ಬ್ಯಾಗಿನಲ್ಲಿ ಸುತ್ತಿ ಇಡ್ರಿ.